ಶ್ರೀರಾಯರ ಪೂರ್ವಾಶ್ರಮದ ಹಗಲಿರುಳು

ಬೆಳಗಿನ ಎಲೆಕ್ಟ್ರಿಕ್ ರೈಲನ್ನು ಹಿಡಿಯುವ ಅವಸರದಲ್ಲಿ ಆಹ್ನಿಕವನ್ನು ಮೊಟಕುಗೊಳಿಸಿ ಮಾಂಬಲಂ ನಿಲ್ದಾಣಕ್ಕೆ ಧಾವಿಸುವ ಗೃಹಸ್ಥರು ನಮ್ಮ ವೆಸ್ಟ್ ಮಾಂಬಲಂ ಭಕ್ತವೃಂದದಲ್ಲಿ ಅನೇಕರಿದ್ದಾರೆ. ಗ್ರಂಥವನ್ನು ತೆರೆದು ಕುಳಿತರೆ ಕೆಲಸ ನಿಂತಿತೆಂಬ ಅಳುಕು. ಕೆಲಸಕ್ಕೆ ಹೊರಟರೆ ಆಯುಷ್ಯ ಸೋರಿತೆಂಬ ಕೊರಗು. ಈ ಇಬ್ಬಂದಿಯನ್ನು ಮನಸ್ಸಿನಲ್ಲಿಟ್ಟು, ಶ್ರೀರಾಘವೇಂದ್ರ ಗುರುಸಾರ್ವಭೌಮರ ಚರಿತ್ರೆಯಲ್ಲಿ ನಾವು ಬೇಗನೆ ದಾಟಿಹೋಗುವ ಭಾಗವಾದ ಅವರ ಗೃಹಸ್ಥಾಶ್ರಮವನ್ನು ಇಲ್ಲಿ ಸ್ಮರಿಸುತ್ತೇವೆ.

1595ರಲ್ಲಿ ಚಿದಂಬರದ ಸಮೀಪದ ಭುವನಗಿರಿಯಲ್ಲಿ ತಿಮ್ಮಣ್ಣಭಟ್ಟರು ಮತ್ತು ಗೋಪಿಕಾಂಬೆಯವರ ಪುತ್ರರಾಗಿ ಅವತರಿಸಿದ ವೆಂಕಟನಾಥರು ವೈಣಿಕರ ಮನೆತನದವರು. ಬಾಲ್ಯದಲ್ಲೇ ಪಿತೃವಿಯೋಗ, ಮಧುರೆಯಲ್ಲಿ ಭಾವನವರಾದ ಲಕ್ಷ್ಮೀನರಸಿಂಹಾಚಾರ್ಯರಲ್ಲಿ ವಿದ್ಯಾಭ್ಯಾಸ, ಸರಸ್ವತಿಯವರೊಡನೆ ವಿವಾಹ, ಅನಂತರ ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರ ಬಳಿ ಉನ್ನತ ವ್ಯಾಸಂಗ.

ಕುಂಭಕೋಣದ ಆ ದಿನಗಳಲ್ಲಿ ಹಗಲು ಪಾಠಕ್ಕೆ ಮೀಸಲಾಗಿತ್ತು. ಕೇಳಿದ್ದನ್ನು ಮನನ ಮಾಡಿ ಟಿಪ್ಪಣಿ ಬರೆಯಲು ಉಳಿದದ್ದು ರಾತ್ರಿ ಮಾತ್ರ. ದೀಪದ ಎಣ್ಣೆಗೂ ಗತಿಯಿಲ್ಲದೆ ಒಣಗಿದ ಎಲೆಗಳನ್ನು ಉರಿಸಿ ಆ ಬೆಳಕಿನಲ್ಲಿ ಬರೆಯುತ್ತಿದ್ದರಂತೆ. ಒಂದು ರಾತ್ರಿ ಬರೆಯುತ್ತಲೇ ನಿದ್ರೆಹೋದ ಶಿಷ್ಯನನ್ನು ಕಂಡು, ಟಿಪ್ಪಣಿಯನ್ನು ಓದಿ ಆನಂದಿಸಿ, ಗುರುಗಳು ತಮ್ಮ ಶಾಟಿಯನ್ನೇ ಹೊದಿಸಿ ತೆರಳಿದ ಪ್ರಸಂಗವನ್ನು ಹಿರಿಯರು ಇಂದಿಗೂ ಗದ್ಗದಿತರಾಗಿ ಹೇಳುತ್ತಾರೆ.

ಆದರೆ ಆ ವಿದ್ಯೆ ಮನೆಗೆ ಅಕ್ಕಿಯನ್ನು ತರಲಿಲ್ಲ. ವೆಂಕಟನಾಥರು ಶಿಷ್ಯರಿಗೆ ಪಾಠ ಹೇಳುತ್ತಿದ್ದರೇ ಹೊರತು ಪ್ರತಿಫಲಕ್ಕೆ ಕೈಚಾಚಲಿಲ್ಲ. ಏಕಾದಶಿಗಳು ಪಂಚಾಂಗದಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಆ ಮನೆಗೆ ಬರುತ್ತಿದ್ದವು. ಒಮ್ಮೆ ಸಮಾರಂಭವೊಂದರಲ್ಲಿ, ಊಟಕ್ಕೆ ಬಂದವನು ಸುಮ್ಮನೆ ಕುಳಿತಿರುವುದೇಕೆಂದು ಅವರಿಗೆ ಗಂಧ ತೇಯುವ ಕೆಲಸವನ್ನು ಒಪ್ಪಿಸಿದರು. ಅಗ್ನಿಸೂಕ್ತವನ್ನು ಜಪಿಸುತ್ತ ತೇಯ್ದ ಆ ಗಂಧ ಲೇಪಿಸಿಕೊಂಡವರ ಮೈಯನ್ನು ಸುಟ್ಟ ಕಥೆ ಸರ್ವವಿದಿತ. ನಮ್ಮ ಗಮನವಿರುವುದು ಅದಕ್ಕೂ ಮುಂಚಿನ ಕ್ಷಣದ ಮೇಲೆ. ಲೋಕದ ಕಣ್ಣಿಗೆ ಆತ ಪಂಡಿತರಾಗಿ ಕಾಣಲಿಲ್ಲ, ಬಿಡುವಾಗಿರುವ ಎರಡು ಕೈಗಳಾಗಿ ಕಂಡರು. ಅವರು ವಾದಿಸಲಿಲ್ಲ, ಸಾಣೆಕಲ್ಲಿನ ಮುಂದೆ ಕುಳಿತರು, ಮಂತ್ರವನ್ನೂ ಬಿಡಲಿಲ್ಲ.

ಮುಂದೆ ಪೀಠವನ್ನು ಸ್ವೀಕರಿಸುವಂತೆ ಗುರುಗಳ ಆದೇಶ ಬಂದಾಗ ವೆಂಕಟನಾಥರು ಒಡನೆ ಒಪ್ಪಲಿಲ್ಲ. ತರುಣಿಯಾದ ಪತ್ನಿ, ಇನ್ನೂ ಉಪನಯನವಾಗದ ಮಗ ಲಕ್ಷ್ಮೀನಾರಾಯಣ, ಇವರನ್ನು ಯಾರ ಕೈಗೆ ಒಪ್ಪಿಸುವುದು? ವಿದ್ಯಾದೇವತೆಯ ಸ್ವಪ್ನಾದೇಶವಾದ ಮೇಲೆ, ಮಗನ ಉಪನಯನವನ್ನು ಪೂರೈಸಿ, 1621ರಲ್ಲಿ ತಂಜಾವೂರಿನಲ್ಲಿ ಆಶ್ರಮ ಸ್ವೀಕರಿಸಿದರು. ಪತಿವಿಯೋಗವನ್ನು ತಾಳಲಾರದೆ ಸರಸ್ವತಿಯವರು ಬಾವಿಗೆ ಬಿದ್ದು ಪ್ರಾಣ ನೀಗಿದರು. ಅನಂತರ ಪ್ರೇತರೂಪದಲ್ಲಿ ಬಂದ ಆಕೆಗೆ ಶ್ರೀಗಳವರು ತೀರ್ಥಪ್ರೋಕ್ಷಣೆಯಿಂದ ಸದ್ಗತಿಯನ್ನು ಕರುಣಿಸಿದರೆಂದು ಸಂಪ್ರದಾಯ ಹೇಳುತ್ತದೆ. ಉಪನ್ಯಾಸಗಳಲ್ಲಿ ಇದನ್ನು ಮಹಿಮೆಯೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಹಾಗೆ ಸಾಗಲು ನಮಗೆ ಮನಸ್ಸು ಬಾರದು. ಒಣ ಎಲೆಯ ಬೆಳಕಿನಲ್ಲಿ ಬರೆದ ಟಿಪ್ಪಣಿಗಳ ಹಿಂದೆ ಒಲೆ ಉರಿಯದ ಅಡುಗೆಮನೆಯೊಂದಿತ್ತು. ಅದರ ಭಾರವನ್ನು ಹೊತ್ತವರು ಆ ಸಾಧ್ವಿ.

ಪೀಠವೇರಿದ ಮೇಲೆ ಬಿಡುವು ದೊರೆಯಿತೆಂದು ಭಾವಿಸಬಾರದು. ನಿತ್ಯಪೂಜೆ, ಪಾಠಪ್ರವಚನ, ದೂರದ ಸಂಚಾರ, ಮಠದ ಆಡಳಿತ ಇವೆಲ್ಲದರ ನಡುವೆಯೇ ಐವತ್ತು ವರ್ಷಗಳಲ್ಲಿ ನ್ಯಾಯಸುಧೆಗೆ ಪರಿಮಳ, ತಂತ್ರದೀಪಿಕಾ, ಗೀತಾವಿವೃತಿ, ಮೀಮಾಂಸೆಯಲ್ಲಿ ಭಾಟ್ಟಸಂಗ್ರಹ ಮೊದಲಾದ ಗ್ರಂಥಗಳು ರಚಿತವಾದವು. 1671ರಲ್ಲಿ ತುಂಗಭದ್ರಾತೀರದ ಮಂಚಾಲೆಯಲ್ಲಿ, ಇಂದಿನ ಮಂತ್ರಾಲಯದಲ್ಲಿ, ಅವರು ಬೃಂದಾವನಸ್ಥರಾದರು.

ಪಂಡಿತರಿಗೆ ಈ ಮಹಾಗ್ರಂಥಗಳನ್ನಿತ್ತ ಗುರುಗಳು ಸಾಮಾನ್ಯರಾದ ನಮಗೆ ಎರಡು ಕಿರುಗ್ರಂಥಗಳನ್ನು ಬಿಟ್ಟುಹೋಗಿದ್ದಾರೆ. ಎದ್ದೊಡನೆ ಹೇಳುವ ಪ್ರಾತಃಸಂಕಲ್ಪಗದ್ಯ ಆ ದಿನದ ಸಕಲ ಕರ್ಮಗಳನ್ನೂ ಭಗವಂತನ ಪೂಜೆಯೆಂದು ಸಂಕಲ್ಪಿಸುತ್ತದೆ. ಸರ್ವಸಮರ್ಪಣಗದ್ಯ ಮಾಡಿದ್ದೆಲ್ಲವನ್ನೂ ಅವನಿಗೇ ಒಪ್ಪಿಸುತ್ತದೆ. ಗಂಧ ತೇಯುವುದೂ ಲೆಕ್ಕ ಬರೆಯುವುದೂ ಈ ಎರಡರ ನಡುವೆ ಬರುತ್ತವೆ. ಕಿರುಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು, ರೈಲು ಬರುವಷ್ಟರಲ್ಲಿ ಪ್ರಾತಃಸಂಕಲ್ಪವನ್ನು ಮುಗಿಸುವ ಹಿರಿಯರೊಬ್ಬರನ್ನು ಮಾಂಬಲಂ ನಿಲ್ದಾಣದಲ್ಲಿ ನಾವು ಹಲವು ಬಾರಿ ಕಂಡಿದ್ದೇವೆ.