ಎಣಿಸಿ ಬರೆದಿಟ್ಟ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್



ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ಭತ್ತದ ಗದ್ದೆಗೆ ನೀರು ಕಟ್ಟಲು ಹೋದ ರೈತರೊಬ್ಬರಿಗೆ ನಾಗರಹಾವು ಕಚ್ಚಿತು ಎಂದುಕೊಳ್ಳಿ. ಮನೆಯವರು ತಡಮಾಡದೆ ಸಿಂಧನೂರಿನ ಸರ್ಕಾರಿ ಆಸ್ಪತ್ರೆಗೆ ಕರೆತರುತ್ತಾರೆ. (ಗಾಯ ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಔಷಧಿ ಹುಡುಕುವುದು ಯಾವುದನ್ನೂ ಮಾಡಬಾರದು. ನೇರ ಆಸ್ಪತ್ರೆಗೇ ಹೋಗಬೇಕು. ಇದನ್ನು ಮನೆಯಲ್ಲಿಯೂ ಹೇಳಿ.) ವಿಷ ಹೆಚ್ಚು ಏರಿದ್ದರೆ ಅಲ್ಲಿಂದ 108 ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳುಹಿಸಬಹುದು. ಅಲ್ಲಿ ಅವರನ್ನು ಒಂದು ಪ್ರತ್ಯೇಕ ಕೊಠಡಿಗೆ ಒಯ್ಯುತ್ತಾರೆ. ಬಾಗಿಲ ಮೇಲೆ ತೀವ್ರ ನಿಗಾ ಘಟಕ ಎಂದು ಬರೆದಿರುತ್ತದೆ. ಎಲ್ಲರ ಬಾಯಲ್ಲಿ ಅದು ಐ.ಸಿ.ಯು.

ನಾಗರಹಾವಿನ ವಿಷ ಏನು ಮಾಡುತ್ತದೆ ಗೊತ್ತೇ? ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ. ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಸುಮ್ಮನಾಗುತ್ತವೆ. ಆಗ ವೈದ್ಯರು ಶ್ವಾಸನಾಳಕ್ಕೆ ಕೊಳವೆ ಹಾಕಿ, ಅದನ್ನು ವೆಂಟಿಲೇಟರ್ ಎಂಬ ಯಂತ್ರಕ್ಕೆ ಜೋಡಿಸುತ್ತಾರೆ. ಸ್ನಾಯುಗಳು ಚೇತರಿಸಿಕೊಳ್ಳುವವರೆಗೆ ಯಂತ್ರವೇ ಉಸಿರಾಡಿಸುತ್ತದೆ.

ವೈದ್ಯರು ಹಲವು ರೋಗಿಗಳನ್ನು ನೋಡಬೇಕು. ಬರುತ್ತಾರೆ, ನೋಡಿ ಹೋಗುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಹಗಲು ರಾತ್ರಿ ಉಳಿಯುವವರು ನರ್ಸ್. ನಾಡಿ ಬಡಿತ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ, ದೇಹದ ಉಷ್ಣತೆ, ಸಲೈನ್ ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು ಎಲ್ಲವನ್ನೂ ಅವರು ದೊಡ್ಡ ಹಾಳೆಯಲ್ಲಿ ಗಂಟೆಗಂಟೆಗೆ ಬರೆಯುತ್ತಾರೆ. ಕೊಳವೆಯಲ್ಲಿ ಕಫ ಕಟ್ಟಿದರೆ ಹೀರಿ ತೆಗೆಯುತ್ತಾರೆ. ರೋಗಿ ತಾನಾಗಿ ಹೊರಳಲಾರ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಚರ್ಮ ಕೊಳೆತು ಹಾಸಿಗೆ ಹುಣ್ಣಾಗುತ್ತದೆ. ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಬಾಯಿ ಶುಚಿ ಮಾಡುತ್ತಾರೆ, ಮುಚ್ಚಲಾಗದ ಕಣ್ಣಿಗೆ ಮುಲಾಮು ಹಾಕುತ್ತಾರೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಕಡೆ ಹೋಗುವಾಗಲೆಲ್ಲ ಕೈ ತೊಳೆಯುತ್ತಾರೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯವೆನಿಸುತ್ತದೆ. ಹಾವಿನ ವಿಷದಿಂದ ರೆಪ್ಪೆ ಎತ್ತಲಾಗದೆ ಮಲಗಿರುವ ವ್ಯಕ್ತಿಗೆ ಪ್ರಜ್ಞೆ ಪೂರ್ತಿ ಇರಬಹುದು. ಸುತ್ತ ಆಡುವ ಮಾತೆಲ್ಲ ಅವರಿಗೆ ಕೇಳಿಸುತ್ತಿರಬಹುದು. ಉತ್ತರಿಸಲು ಮಾತ್ರ ಆಗದು. ಇದನ್ನು ತಿಳಿದ ನರ್ಸ್ ಹೆಸರು ಹಿಡಿದು ಮಾತಾಡಿಸುತ್ತಲೇ ಕೆಲಸ ಮಾಡುತ್ತಾರೆ. ಆರ್.ಎಚ್. ಕ್ಯಾಂಪಿನ ಎಷ್ಟೋ ಮನೆಗಳ ಮಾತು ಬಂಗಾಳಿ. ಅಂಥ ರೋಗಿಗೆ ಎರಡು ಬಂಗಾಳಿ ಪದ ಕಿವಿಗೆ ಬಿದ್ದರೂ ಎಷ್ಟು ಧೈರ್ಯ ಬಂದೀತು, ಯೋಚಿಸಿ.

ಹೀಗೆ ನೋಡುವುದು, ಅಳೆಯುವುದು, ಬರೆದಿಡುವುದು ನರ್ಸ್ ಕೆಲಸದ ಭಾಗವಾದದ್ದು ಹೇಗೆ? ಅದಕ್ಕೆ ಇನ್ನೂರು ವರ್ಷ ಹಿಂದಕ್ಕೆ ಹೋಗೋಣ.

ಫ್ಲಾರೆನ್ಸ್ ನೈಟಿಂಗೇಲ್ 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಊರಿನ ಹೆಸರನ್ನೇ ಮಗುವಿಗಿಟ್ಟರು. ತಂದೆ ತಾಯಿ ಇಂಗ್ಲೆಂಡಿನ ಶ್ರೀಮಂತರು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿರಲಿಲ್ಲ. ತಂದೆಯೇ ಮನೆಯಲ್ಲಿ ಭಾಷೆ, ಇತಿಹಾಸ ಕಲಿಸಿದರು. ಫ್ಲಾರೆನ್ಸರಿಗೆ ಗಣಿತವೆಂದರೆ ಬಲು ಇಷ್ಟ. ದೊಡ್ಡವರಾದ ಮೇಲೆ ಗ್ರೀಸ್ ದೇಶದಲ್ಲಿ ಮಕ್ಕಳ ಕೈಗೆ ಸಿಕ್ಕಿದ್ದ ಒಂದು ಗೂಬೆ ಮರಿಯನ್ನು ಬಿಡಿಸಿ ತಂದು, ಅಥೀನಾ ಎಂದು ಹೆಸರಿಟ್ಟು, ಜೇಬಿನಲ್ಲಿಟ್ಟುಕೊಂಡು ತಿರುಗಾಡಿದವರು ಇವರು!

ನರ್ಸ್ ಆಗುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ಗದ್ದಲವಾಯಿತು. ಆಗ ಆಸ್ಪತ್ರೆಗಳು ಕೊಳಕಾಗಿದ್ದವು, ನರ್ಸ್ ಕೆಲಸಕ್ಕೆ ಮರ್ಯಾದೆ ಇರಲಿಲ್ಲ, ತರಬೇತಿಯೂ ಇರಲಿಲ್ಲ. ವರ್ಷಗಟ್ಟಲೆ ಕಾದು, 1851ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಅವರು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಹೊಣೆ ಹೊತ್ತರು. ನರ್ಸ್ ದಿನವಿಡೀ ಮೆಟ್ಟಿಲು ಹತ್ತಿಳಿಯುವುದರಲ್ಲೇ ದಣಿದರೆ ರೋಗಿಯನ್ನು ನೋಡುವುದು ಯಾವಾಗ? ಅದಕ್ಕೆ ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ ಬೇಕೆಂದರು. ರೋಗಿ ಗಂಟೆ ಎಳೆದರೆ ಅದು ನರ್ಸ್ ಇರುವಲ್ಲೇ ಬಾರಿಸಬೇಕು. ಜೊತೆಗೆ ಒಂದು ಸಣ್ಣ ಮುಚ್ಚಳ ತೆರೆದುಕೊಂಡು, ಯಾವ ರೋಗಿ ಕರೆದರು ಎಂದು ಕಾಣುವಂತೆ ತೆರೆದೇ ಇರಬೇಕು ಎಂದು ಕೇಳಿದರು. ಇಂದು ಐ.ಸಿ.ಯು. ಮಾನಿಟರಿನಲ್ಲಿ ಕೂಗುವ ಅಲಾರಾಂ, ಮಿನುಗುವ ಕೆಂಪು ದೀಪ ಮಾಡುವುದೂ ಇದೇ ಕೆಲಸ.

ಮರುವರ್ಷವೇ ಕ್ರಿಮಿಯಾ ಯುದ್ಧ. 1854ರ ನವೆಂಬರ್ ಆರಂಭದಲ್ಲಿ ನೈಟಿಂಗೇಲ್ 38 ಮಂದಿ ನರ್ಸ್‌ಗಳೊಂದಿಗೆ ಟರ್ಕಿಯ ಸ್ಕುಟಾರಿಗೆ ಬಂದಿಳಿದರು. ಅಲ್ಲಿ ಸೈನಿಕರ ವಸತಿಗಾಗಿ ಕಟ್ಟಿದ ದೊಡ್ಡ ಕಟ್ಟಡವೇ ಆಸ್ಪತ್ರೆ. ಉದ್ದನೆಯ ಪಡಸಾಲೆಗಳ ತುಂಬ ಗಾಯಾಳುಗಳು, ಭೇದಿಯಿಂದ ನರಳುವವರು. ಹಾಸಿಗೆ ಸಾಲದು, ಬಟ್ಟೆ ಸಾಲದು. ಅವರು ಅಡುಗೆಮನೆ ಸರಿಪಡಿಸಿದರು, ಬಟ್ಟೆ ಒಗೆಸುವ ಏರ್ಪಾಡು ಮಾಡಿದರು, ರಾತ್ರಿ ಕಂದೀಲು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದರು. ಚಿತ್ರಗಳಲ್ಲಿ ಅವರ ಕೈಯಲ್ಲಿ ಎಣ್ಣೆಯ ಹಣತೆಯಂಥ ದೀಪ ಬರೆಯುತ್ತಾರಲ್ಲ, ಅದು ಸರಿಯಲ್ಲ. ಅವರು ಹಿಡಿದದ್ದು ಗಾಳಿಗೆ ಆರದ, ಮಡಿಸಬಹುದಾದ ಟರ್ಕಿ ಕಂದೀಲು.

ಆದರೆ ಮಕ್ಕಳೇ, ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ ಒಂದಿದೆ. ಅವರು ಅಷ್ಟು ದುಡಿದರೂ ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ, ಹೆಚ್ಚಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಸೇರಿದ 100 ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಕಟ್ಟಡದ ಕೆಳಗಿನ ಚರಂಡಿಗಳು ಕಟ್ಟಿ ನಿಂತಿದ್ದವು. ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ತಂಡವೊಂದು ಬಂದು ಚರಂಡಿ ತೊಳೆಸಿತು, ನೀರಿನ ಕಾಲುವೆಯಲ್ಲಿ ಬಿದ್ದಿದ್ದ ಸತ್ತ ಕುದುರೆಯನ್ನು ತೆಗೆಸಿತು, ಗೋಡೆಗಳಿಗೆ ಸುಣ್ಣ ಹೊಡೆಸಿತು, ಗಾಳಿಯಾಡುವಂತೆ ಮಾಡಿತು. ಜೂನ್ ಹೊತ್ತಿಗೆ ಸಾವು 100ಕ್ಕೆ ಸುಮಾರು 2ಕ್ಕೆ ಇಳಿಯಿತು!

ಯುದ್ಧ ಮುಗಿಸಿ 1856ರಲ್ಲಿ ಮರಳಿದಾಗ ಇಂಗ್ಲೆಂಡ್ ಅವರನ್ನು ಕೊಂಡಾಡಿತು. ಹೊಗಳಿಕೆಯಲ್ಲಿ ಅವರಿಗೆ ಮನಸ್ಸಿರಲಿಲ್ಲ. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ನೆರವಿನಿಂದ ಸತ್ತವರ ಲೆಕ್ಕವನ್ನು ತಿಂಗಳುವಾರು ಕೂಡಿಸಲು ಕುಳಿತರು. ಗುಂಡೇಟಿನಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಹಲವು ಪಟ್ಟು ಹೆಚ್ಚು ಎಂಬುದು ಅಂಕಿಗಳಲ್ಲಿ ಕಂಡಿತು. ತಾವೇ ಆರೈಕೆ ಮಾಡಿದ ಆಸ್ಪತ್ರೆಯ ಕೊಳಕು ಎಷ್ಟೋ ಪ್ರಾಣ ತೆಗೆದಿತ್ತು ಎಂಬ ಸತ್ಯವನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಅವರು ಅದನ್ನು ಮುಚ್ಚಿಡಲಿಲ್ಲ. ವರ್ಷದ 12 ತಿಂಗಳಿಗೆ 12 ಹೋಳು, ಸಾವು ಹೆಚ್ಚಿದ ತಿಂಗಳಿಗೆ ದೊಡ್ಡ ಹೋಳು, ಕಾರಣಕ್ಕೊಂದು ಬಣ್ಣ, ಹೀಗೆ 1858ರಲ್ಲಿ ಒಂದು ಚಿತ್ರನಕ್ಷೆ ಮುದ್ರಿಸಿದರು. ಅಂಕಿಯ ಪಟ್ಟಿ ಓದಲು ಬೇಸರಪಡುವ ಮಂತ್ರಿಗೂ ಅದು ಒಂದೇ ನೋಟಕ್ಕೆ ಅರ್ಥವಾಗುತ್ತಿತ್ತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಮೊದಲ ಮಹಿಳಾ ಸದಸ್ಯರಾಗಿ ಆಯ್ಕೆಯಾದರು.

ಒಂದು ಮಾತು ಸೇರಿಸಬೇಕು. ಆಗ ರೋಗಾಣುಗಳ ವಿಷಯ ಇನ್ನೂ ಸರಿಯಾಗಿ ಗೊತ್ತಾಗಿರಲಿಲ್ಲ. ಕೊಳೆತ ವಾಸನೆಯ ಗಾಳಿಯಿಂದಲೇ ರೋಗ ಬರುತ್ತದೆ ಎಂದು ನೈಟಿಂಗೇಲ್ ನಂಬಿದ್ದರು. ಕಾರಣ ತಪ್ಪು, ಆದರೆ ವಾಸನೆ ಹೋಗಲೆಂದು ಚರಂಡಿ ತೊಳೆದರೆ ರೋಗಾಣುಗಳೂ ಹೋಗುತ್ತವಲ್ಲ!

ಯುದ್ಧಭೂಮಿಯಲ್ಲಿ ತಗುಲಿದ ಜ್ವರದಿಂದ ಅವರ ಆರೋಗ್ಯ ಕೆಟ್ಟಿತು. ಮುಂದೆ ವರ್ಷಗಟ್ಟಲೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಯಿತು. ಮಲಗಿದಲ್ಲೇ ಸಾವಿರಾರು ಪತ್ರ ಬರೆದರು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ, ಆದರೆ ಇಲ್ಲಿನ ಸೈನಿಕ ಠಾಣೆಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ವರದಿಗಳ ರಾಶಿಯನ್ನು ಓದಿದರು. ಬೆಂಗಳೂರಿನಲ್ಲಿ ಕುಡಿಯಲು ಬಳಸುವ ಹಲಸೂರು ಕೆರೆಗೇ ಬಜಾರಿನ ಚರಂಡಿ ಬಂದು ಸೇರುತ್ತಿದೆ ಎಂಬುದನ್ನು 1863ರಲ್ಲಿ ಎತ್ತಿ ತೋರಿಸಿದರು. ಆಗ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ 1000ಕ್ಕೆ 69 ಮಂದಿ ಪ್ರತಿವರ್ಷ ಸಾಯುತ್ತಿದ್ದರು. ಹತ್ತು ವರ್ಷಗಳ ನೈರ್ಮಲ್ಯ ಕೆಲಸದ ನಂತರ ಅದು 18ಕ್ಕೆ ಇಳಿದಿದೆ ಎಂದು ಅವರೇ ವರದಿ ಮಾಡಿದರು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರ ಕಾಡಿದಾಗ, ಜನರನ್ನು ಉಳಿಸಲು ನೀರಾವರಿ ಕಾಲುವೆಗಳು ಬೇಕೆಂದು ವಾದಿಸಿದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡಿರುವ ಸಿಂಧನೂರಿನ ಮಕ್ಕಳಿಗೆ ಈ ವಾದವನ್ನು ವಿವರಿಸಬೇಕಾಗಿಲ್ಲ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಆರಂಭವಾಯಿತು. ನರ್ಸ್ ಆಗಾಗ ಕೈ ತೊಳೆಯಬೇಕು, ರೋಗಿಯ ಮುಖದ ಬಣ್ಣ, ಉಸಿರು, ನಿದ್ರೆ, ಊಟ ಎಲ್ಲವನ್ನೂ ಕಣ್ಣಿಟ್ಟು ಗಮನಿಸಬೇಕು ಎಂದು ಅವರು ಪುಸ್ತಕದಲ್ಲಿ ಬರೆದರು. ಆಸ್ಪತ್ರೆಗಳ ಬಗ್ಗೆ 1863ರಲ್ಲಿ ಬರೆದ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಳ್ಳುವವರೆಗೆ ಇರಲು ಪಕ್ಕದಲ್ಲೇ ಸಣ್ಣ ಕೋಣೆ ಇರುವ ಪದ್ಧತಿಯನ್ನು ಪ್ರಸ್ತಾಪಿಸಿದರು. ಹೆಚ್ಚು ಅಪಾಯದಲ್ಲಿರುವವರನ್ನು ಒಂದೆಡೆ ಇರಿಸಿ ನೋಡಿಕೊಳ್ಳುವ ಯೋಚನೆಯ ಬೇರನ್ನು ಹಲವರು ಇಲ್ಲಿಯೇ ಗುರುತಿಸುತ್ತಾರೆ. ಅವರು 1910ರ ಆಗಸ್ಟ್ 13ರಂದು, ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಹುಟ್ಟಿದ ಮೇ 12 ಈಗ ಅಂತರರಾಷ್ಟ್ರೀಯ ನರ್ಸ್‌ಗಳ ದಿನ.

ಇಂದಿನ ರೂಪದ ಐ.ಸಿ.ಯು. ಬಂದದ್ದು ಅವರು ತೀರಿಕೊಂಡು ನಾಲ್ಕು ದಶಕಗಳ ಮೇಲೆ. 1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹರಡಿ, ಎಷ್ಟೋ ಮಕ್ಕಳ ಉಸಿರಾಟದ ಸ್ನಾಯುಗಳು ಕೆಲಸ ನಿಲ್ಲಿಸಿದವು. ಯಂತ್ರಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಹಾಕಿ, ರಬ್ಬರ್ ಚೀಲ ಒತ್ತಿ ಗಾಳಿ ತುಂಬುವ ಉಪಾಯ ಮಾಡಿದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ಹಗಲೂ ರಾತ್ರಿ ಚೀಲ ಒತ್ತಿದರು. ಪಕ್ಕದಲ್ಲಿ ನಿಂತು ಮಕ್ಕಳನ್ನು ನೋಡಿಕೊಂಡವರು ನರ್ಸ್‌ಗಳು. ಚೀಲ ಒತ್ತುವ ಕೆಲಸವನ್ನು ಈಗ ವೆಂಟಿಲೇಟರ್ ಮಾಡುತ್ತದೆ. ರೆಪ್ಪೆ ಎತ್ತಿರಿ, ಕತ್ತು ಎತ್ತಿರಿ ಎಂದು ಹೇಳಿ, ಹಾವು ಕಚ್ಚಿದ ರೈತರ ಶಕ್ತಿ ಮರಳುತ್ತಿದೆಯೇ ಎಂದು ನೋಡಿ ಹಾಳೆಯಲ್ಲಿ ಬರೆಯುವವರು ಇಂದಿಗೂ ನರ್ಸ್. ಪಾಳಿ ಮುಗಿದಾಗ ಆ ಹಾಳೆಯನ್ನು ಮುಂದಿನ ಪಾಳಿಯವರಿಗೆ ಸಾಲು ಸಾಲಾಗಿ ವಿವರಿಸಿಯೇ ಅವರು ಮನೆಗೆ ಹೋಗುತ್ತಾರೆ.

ಮಾಡಿ ನೋಡಿ: ನಿಮ್ಮ ತರಗತಿಯಲ್ಲಿ ಪ್ರತಿ ತಿಂಗಳು ಜ್ವರದಿಂದ ಎಷ್ಟು ಮಂದಿ, ಭೇದಿಯಿಂದ ಎಷ್ಟು ಮಂದಿ ಶಾಲೆಗೆ ಬರಲಿಲ್ಲ ಎಂದು ಶಿಕ್ಷಕರ ಸಹಾಯದಿಂದ ಬರೆದಿಡಿ. ಹೆಸರು ಬೇಡ, ಸಂಖ್ಯೆ ಸಾಕು. ಒಂದು ಬಿಂದುವಿನ ಸುತ್ತ 30 ಡಿಗ್ರಿಯ 12 ಹೋಳು ಮಾಡಿ, ರಜೆಯ ತಿಂಗಳುಗಳನ್ನು ಖಾಲಿ ಬಿಡಿ. ಹೋಳಿನ ಉದ್ದ ಎಷ್ಟಿರಬೇಕು? 4 ಮಂದಿಗೆ 2 ಸೆಂ.ಮೀ., 9 ಮಂದಿಗೆ 3 ಸೆಂ.ಮೀ., 16 ಮಂದಿಗೆ 4 ಸೆಂ.ಮೀ. ಹೀಗೇಕೆ ಎಂದು ನಿಮ್ಮ ಗಣಿತ ಶಿಕ್ಷಕರನ್ನು ಕೇಳಿ. ಜ್ವರಕ್ಕೊಂದು, ಭೇದಿಗೊಂದು ನಕ್ಷೆ ಬರೆದು ಬೇರೆ ಬೇರೆ ಬಣ್ಣ ತುಂಬಿ. ಯಾವ ತಿಂಗಳ ಹೋಳು ಎಲ್ಲಕ್ಕಿಂತ ದೊಡ್ಡದಾಯಿತು? ಆ ತಿಂಗಳು ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು?