ಜಾನ್ ಪಾಲ್ ಸ್ಟ್ಯಾಪ್

ಜಾನ್ ಪಾಲ್ ಸ್ಟ್ಯಾಪ್ (೧೧ ಜುಲೈ ೧೯೧೦ – ೧೩ ನವೆಂಬರ್ ೧೯೯೯) ಅಮೆರಿಕದ ವಾಯುಪಡೆಯ ಅಧಿಕಾರಿ, ವೈದ್ಯ ಹಾಗೂ ಜೀವಭೌತವಿಜ್ಞಾನಿ. ಅತಿವೇಗದಲ್ಲಿ ಸಾಗುವ ಮನುಷ್ಯದೇಹವು ಹಠಾತ್ತನೆ ನಿಂತಾಗ ಎಷ್ಟು ಆಘಾತವನ್ನು ತಾಳಬಲ್ಲದು ಎಂಬುದನ್ನು ತಮ್ಮ ಶರೀರದ ಮೇಲೆಯೇ ಪ್ರಯೋಗ ನಡೆಸಿ ಅಳೆದರು. ಕಾರುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾಗಲು ಶ್ರಮಿಸಿದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ಸ್ಟ್ಯಾಪ್ ಅವರು ಜನಿಸಿದ್ದು ಬ್ರೆಜಿಲ್ ದೇಶದ ಬಹಿಯಾದಲ್ಲಿ. ತಂದೆತಾಯಿಗಳು ಅಲ್ಲಿ ಬ್ಯಾಪ್ಟಿಸ್ಟ್ ಪಂಥದ ಧರ್ಮಪ್ರಚಾರಕರಾಗಿದ್ದರು. ತರುಣನಾಗಿದ್ದಾಗ ಬಂಧುಗಳ ಮನೆಯ ಹಸುಗೂಸೊಂದು ಸುಟ್ಟಗಾಯಗಳಿಂದ ಮೃತಪಟ್ಟದ್ದನ್ನು ಕಂಡು ವೈದ್ಯನಾಗಲು ನಿಶ್ಚಯಿಸಿದರೆನ್ನಲಾಗಿದೆ. ಆದರೆ ಹಣದ ಅಡಚಣೆಯಿಂದ ಆ ದಾರಿ ದೀರ್ಘವಾಯಿತು. ಬೇಲರ್ ವಿಶ್ವವಿದ್ಯಾಲಯದ ಪದವಿಗಳ ನಂತರ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಜೀವಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ೧೯೪೪ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನೂ ಪಡೆದು ಸೇನೆಯ ವೈದ್ಯಕೀಯ ವಿಭಾಗವನ್ನು ಸೇರಿದರು.

ರಾಕೆಟ್ ಬಂಡಿಯ ಪ್ರಯೋಗಗಳು

ಗುರುತ್ವಾಕರ್ಷಣೆಯ ೧೮ ಪಟ್ಟು ಬಲವನ್ನು ಮೀರಿದ ಆಘಾತದಲ್ಲಿ ಮನುಷ್ಯ ಬದುಕಲಾರನೆಂಬ ನಂಬಿಕೆ ಆಗ ಪ್ರಚಲಿತವಾಗಿತ್ತು. ವಿಮಾನದ ಆಸನ, ಪಟ್ಟಿಗಳನ್ನು ಅದೇ ಲೆಕ್ಕದಲ್ಲಿ ರಚಿಸಲಾಗುತ್ತಿತ್ತು. ಇದನ್ನು ಪರೀಕ್ಷಿಸಲು ೧೯೪೭ರಲ್ಲಿ ಕ್ಯಾಲಿಫೋರ್ನಿಯಾದ ಮ್ಯುರಾಕ್ ನೆಲೆಯಲ್ಲಿ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯೊಂದು ಸಿದ್ಧವಾಯಿತು. ಮೊದಲು ಬೊಂಬೆಗಳನ್ನು ಕೂರಿಸಿ ನೋಡಿ, ಬಳಿಕ ಸ್ಟ್ಯಾಪ್ ಸ್ವತಃ ಏರಿದರು. ಚಿಂಪಾಂಜಿಗಳನ್ನೂ ಈ ಪ್ರಯೋಗಗಳಲ್ಲಿ ಬಳಸಲಾಯಿತು. ಇಂದಿನ ದೃಷ್ಟಿಗೆ ಇದು ಒಪ್ಪತಕ್ಕದ್ದಲ್ಲವೆಂಬುದನ್ನು ಹೇಳಲೇಬೇಕು. ವರ್ಷ ತುಂಬುವುದರೊಳಗೆ ಸ್ಟ್ಯಾಪ್ ೩೫ ಪಟ್ಟು ಬಲವನ್ನು ತಾಳಿ ಹಳೆಯ ಲೆಕ್ಕವನ್ನು ಸುಳ್ಳಾಗಿಸಿದ್ದರು. ೧೯೪೯ರ ಒಂದು ಪ್ರಯೋಗದಲ್ಲಿ ಅಳತೆಯ ಉಪಕರಣಗಳ ತಂತಿಗಳನ್ನು ತಪ್ಪಾಗಿ ಜೋಡಿಸಿದ್ದರಿಂದಲೇ ಪ್ರಸಿದ್ಧವಾದ ‘ಮರ್ಫಿಯ ನಿಯಮ’ ಹುಟ್ಟಿತೆಂಬ ಕಥನವೂ ಇದೆ.

ಮುಂದೆ ನ್ಯೂ ಮೆಕ್ಸಿಕೋದ ಹಾಲೊಮನ್ ನೆಲೆಯಲ್ಲಿ ಕೆಲಸ ಮುಂದುವರಿಯಿತು. ೧೯೫೪ರ ಡಿಸೆಂಬರ್ ೧೦ರಂದು ಒಂಬತ್ತು ರಾಕೆಟ್‌ಗಳ ಬಂಡಿಯಲ್ಲಿ ಕುಳಿತ ಸ್ಟ್ಯಾಪ್, ಐದು ಸೆಕೆಂಡುಗಳಲ್ಲಿ ಗಂಟೆಗೆ ೧,೦೧೭ ಕಿ.ಮೀ. ವೇಗವನ್ನು ಮುಟ್ಟಿದರು. ಹಳಿಗಳ ನಡುವೆ ತುಂಬಿದ್ದ ನೀರಿನ ತಡೆಯಿಂದ ಬಂಡಿ ೧.೪ ಸೆಕೆಂಡಿನಲ್ಲಿ ನಿಂತುಬಿಟ್ಟಿತು. ದೇಹದ ಮೇಲೆ ಬಿದ್ದ ಬಲ ೪೬.೨ ಪಟ್ಟು, ಅಂದರೆ ೭೦ ಕಿಲೋ ತೂಕದ ವ್ಯಕ್ತಿ ಆ ಕ್ಷಣಕ್ಕೆ ಮೂರು ಟನ್ನಿಗೂ ಹೆಚ್ಚು ಭಾರವಾದಂತೆ. ಕಣ್ಣುಗಳಲ್ಲಿ ರಕ್ತಸ್ರಾವವಾಗಿ ದೃಷ್ಟಿ ಹೋಯಿತು. ಕುರುಡನಾಗುವ ಸಾಧ್ಯತೆಯನ್ನು ಮೊದಲೇ ಎಣಿಸಿದ್ದ ಅವರು ಕತ್ತಲೆಯಲ್ಲಿ ಬಟ್ಟೆ ತೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರಂತೆ. ಅದೃಷ್ಟವಶಾತ್ ದೃಷ್ಟಿ ಮರಳಿತು. ಪ್ರಯೋಗಗಳ ಅವಧಿಯಲ್ಲಿ ಅವರ ಪಕ್ಕೆಲುಬುಗಳು ಮುರಿದಿದ್ದವು, ಮಣಿಕಟ್ಟು ಎರಡು ಬಾರಿ ಮುರಿದಿತ್ತು. ಇದೇ ಅವರ ಕೊನೆಯ ಸವಾರಿಯಾಯಿತು.

ರಸ್ತೆ ಸುರಕ್ಷತೆ

ವಾಯುಪಡೆಯ ದಾಖಲೆಗಳನ್ನು ಪರಿಶೀಲಿಸುವಾಗ ಸ್ಟ್ಯಾಪ್ ಅವರಿಗೆ ಒಂದು ಸಂಗತಿ ಗೋಚರಿಸಿತು: ವಿಮಾನಾಪಘಾತಗಳಲ್ಲಿ ಸಾಯುವಷ್ಟೇ ಮಂದಿ ಪೈಲಟ್‌ಗಳು ರಸ್ತೆಯ ಮೇಲೆ ಕಾರು ಅಪಘಾತಗಳಲ್ಲಿ ಸಾಯುತ್ತಿದ್ದರು. ಆಕಾಶದಲ್ಲಿ ಪಟ್ಟಿ ಬಿಗಿದು ಕೂರುವ ಅದೇ ಪೈಲಟ್ ನೆಲದ ಮೇಲೆ ಪಟ್ಟಿಯೇ ಇಲ್ಲದ ಕಾರನ್ನು ಓಡಿಸುತ್ತಿದ್ದ. ಸರಿಯಾಗಿ ಬಿಗಿದ ದೇಹವು ಭಾರಿ ಆಘಾತವನ್ನೂ ತಾಳುತ್ತದೆಂದು ತಮ್ಮ ಶರೀರದಿಂದಲೇ ಅರಿತಿದ್ದ ಸ್ಟ್ಯಾಪ್, ಆ ಬಳಿಕ ಹಳೆಯ ಕಾರುಗಳಲ್ಲಿ ಬೊಂಬೆಗಳನ್ನು ಕೂರಿಸಿ ಡಿಕ್ಕಿ ಹೊಡೆಸುವ ಪ್ರಯೋಗಗಳನ್ನು ಆರಂಭಿಸಿದರು. ಯುದ್ಧವಿಮಾನಗಳಿಗೆ ಮೀಸಲಾದ ಹಣ ಕಾರುಗಳಿಗೇಕೆ ಎಂಬ ಆಕ್ಷೇಪವು ಸೇನೆಯೊಳಗೇ ಎದ್ದಿತು. ಸತ್ತವರ ಲೆಕ್ಕವನ್ನು ಮುಂದಿಟ್ಟು ಅವರು ಕೆಲಸವನ್ನು ಉಳಿಸಿಕೊಂಡರು. ೧೯೫೫ರಲ್ಲಿ ವಾಹನ ತಯಾರಕರನ್ನೂ ವಿದ್ವಾಂಸರನ್ನೂ ಕರೆಸಿ ಈ ಡಿಕ್ಕಿಗಳನ್ನು ತೋರಿಸಿದರು. ಅದೇ ಮುಂದೆ ಅವರ ಹೆಸರಿನಲ್ಲಿ ಪ್ರತಿವರ್ಷ ನಡೆಯುವ ಸಮ್ಮೇಳನವಾಗಿ ಬೆಳೆಯಿತು.

ಖ್ಯಾತಿಯನ್ನು ಅವರು ಈ ಕಾರ್ಯಕ್ಕೇ ವಿನಿಯೋಗಿಸಿದರು. ರಾಕೆಟ್ ಸವಾರನನ್ನು ನೋಡಲು ಬಂದ ಪತ್ರಕರ್ತರಿಗೆ ಸೀಟ್ ಬೆಲ್ಟಿನ ವಿಷಯವನ್ನೇ ಹೇಳುತ್ತಿದ್ದರು. ೧೯೬೬ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾಯಿದೆಗೆ ಸಹಿ ಹಾಕಿದಾಗ ಸ್ಟ್ಯಾಪ್ ಅಲ್ಲಿ ಉಪಸ್ಥಿತರಿದ್ದರು. ಅದರ ಫಲವಾಗಿ ೧೯೬೮ರ ಮಾದರಿಯ ಕಾರುಗಳಿಂದ ಬೆಲ್ಟ್ ಅಳವಡಿಕೆ ಕಡ್ಡಾಯವಾಯಿತು. ಧರಿಸುವುದು ಮಾತ್ರ ಇನ್ನೂ ಚಾಲಕನ ಇಚ್ಛೆಗೆ ಬಿಟ್ಟದ್ದಾಗಿತ್ತು.

ಕೊನೆಯ ದಿನಗಳು

೧೯೫೭ರಲ್ಲಿ ಬ್ಯಾಲೆ ನೃತ್ಯಗಾತಿ ಲಿಲಿಯನ್ ಲನೀಸ್ ಅವರನ್ನು ವಿವಾಹವಾದರು. ೧೯೭೦ರಲ್ಲಿ ಕರ್ನಲ್ ಹುದ್ದೆಯಿಂದ ನಿವೃತ್ತರಾದರು. ೧೯೯೧ರಲ್ಲಿ ತಂತ್ರಜ್ಞಾನದ ರಾಷ್ಟ್ರೀಯ ಪದಕ ಸಂದಿತು. ನ್ಯೂ ಮೆಕ್ಸಿಕೋದ ಅಲಮೊಗೋರ್ಡೊದ ತಮ್ಮ ಮನೆಯಲ್ಲಿ ೮೯ನೆಯ ವಯಸ್ಸಿನಲ್ಲಿ ನಿಧನರಾದರು.