ಕಡಲ ಬಿರುಗಾಳಿಯಲ್ಲಿ ಫಾಹಿಯಾನ

ವ್ರತವನ್ನು ಸ್ವೀಕರಿಸಿದವನಿಗೆ ಅದರ ನಿಯಮಗಳ ಯಥಾರ್ಥಜ್ಞಾನವೂ ಅವಶ್ಯಕವಾದುದು. ಈ ಜ್ಞಾನವನ್ನು ಅರಸಿಕೊಂಡು ಅರುವತ್ತರ ವಯಸ್ಸಿನಲ್ಲಿ ಮರುಭೂಮಿ, ಹಿಮಪರ್ವತ, ಮಹಾಸಮುದ್ರಗಳನ್ನು ದಾಟಿದವನು ಚೀನದೇಶದ ಬೌದ್ಧ ಭಿಕ್ಷು ಫಾಹಿಯಾನ. ಆತನ ಮತವು ಬೇರೆಯಾದರೂ ಆತನ ದೃಢತೆಯು ವ್ರತಿಗಳೆಲ್ಲರೂ ಮನನ ಮಾಡತಕ್ಕದ್ದಾಗಿದೆ.

ಫಾಹಿಯಾನನು ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ ಇಂದಿನ ಶಾನ್‌ಸಿ ಪ್ರಾಂತ್ಯದಲ್ಲಿ ಜನಿಸಿದನು. ಮೂವರು ಅಣ್ಣಂದಿರು ಎಳವೆಯಲ್ಲಿಯೇ ತೀರಿಕೊಂಡುದರಿಂದ ತಂದೆಯು ಈ ಮಗುವನ್ನು ಮೂರನೆಯ ವಯಸ್ಸಿನಲ್ಲಿ ಸಂಘಕ್ಕೆ ಒಪ್ಪಿಸಿದನು. ಹತ್ತನೆಯ ವಯಸ್ಸಿನಲ್ಲಿ ತಂದೆಯೂ ಮೃತನಾದಾಗ, ವಿಧವೆಯಾದ ತಾಯಿಯ ಆಸರೆಗಾಗಿ ಮನೆಗೆ ಹಿಂದಿರುಗಬೇಕೆಂದು ಚಿಕ್ಕಪ್ಪನು ಒತ್ತಾಯಿಸಿದನು. ಬಾಲಕನು ಒಪ್ಪಲಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಪೂರ್ಣದೀಕ್ಷೆಯನ್ನು ಪಡೆದನು.

ಆ ಕಾಲದಲ್ಲಿ ಚೀನದ ಭಿಕ್ಷುಗಳ ಬಳಿ ವಿನಯಗ್ರಂಥಗಳು, ಅಂದರೆ ಆಚಾರನಿಯಮಗಳ ಗ್ರಂಥಗಳು, ಅಪೂರ್ಣವಾಗಿದ್ದುವು. ಈ ಕೊರತೆಯನ್ನು ನೀಗಬೇಕೆಂದು ಆತನು ೩೯೯ರಲ್ಲಿ ಕೆಲವು ಸಂಗಡಿಗರೊಡನೆ ಚಾಂಗಾನ್ ನಗರದಿಂದ ಭಾರತಕ್ಕೆ ಹೊರಟನು. ಸಂಗಡಿಗರಲ್ಲಿ ಕೆಲವರು ನಡುದಾರಿಯಿಂದ ಮರಳಿದರು. ಒಬ್ಬನು ಹಿಮಗಾಳಿಗೆ ಸಿಕ್ಕಿ ಫಾಹಿಯಾನನ ಕಣ್ಣೆದುರಿನಲ್ಲಿಯೇ ಅಸುನೀಗಿದನು. ಉತ್ತರ ಭಾರತದಲ್ಲಿ ನಿಯಮಗಳು ಗುರುಮುಖದಿಂದ ಶಿಷ್ಯನಿಗೆ ಬರುತ್ತಿದ್ದುವೇ ವಿನಾ ಬರೆದ ಪ್ರತಿಗಳು ದೊರೆಯಲಿಲ್ಲ. ಕಡೆಗೆ ಪಾಟಲಿಪುತ್ರದಲ್ಲಿ ಮಹಾಸಾಂಘಿಕ ವಿನಯವು ದೊರೆಯಿತು. ಅಲ್ಲಿ ಮೂರು ವರ್ಷ ನಿಂತು, ಸಂಸ್ಕೃತವನ್ನು ಕಲಿತು, ಸ್ವಹಸ್ತದಿಂದ ಪ್ರತಿಮಾಡಿಕೊಂಡನು. ಕೊನೆಯವರೆಗೆ ಜೊತೆಗಿದ್ದ ಸಂಗಡಿಗನು ಅಲ್ಲಿಯೇ ನೆಲೆಸಲು ನಿಶ್ಚಯಿಸಿದನು. ಫಾಹಿಯಾನನು ಒಬ್ಬಂಟಿಗನಾಗಿ ತಾಮ್ರಲಿಪ್ತಿಗೆ ಹೋಗಿ ಎರಡು ವರ್ಷ ಅಲ್ಲಿದ್ದು, ಅಲ್ಲಿಂದ ವ್ಯಾಪಾರದ ಹಡಗಿನಲ್ಲಿ ಸಿಂಹಳಕ್ಕೆ ತೆರಳಿದನು. ಸಿಂಹಳದಲ್ಲಿ ಮಹೀಶಾಸಕ ವಿನಯವೂ ದೊರೆಯಿತು.

ಎರಡು ವರ್ಷಗಳ ತರುವಾಯ, ಇನ್ನೂರಕ್ಕೂ ಹೆಚ್ಚು ಜನರಿದ್ದ ವರ್ತಕರ ಹಡಗೊಂದನ್ನೇರಿ ಸ್ವದೇಶಕ್ಕೆ ಹೊರಟನು. ಆಪತ್ಕಾಲಕ್ಕೆಂದು ಅದರ ಹಿಂದೆ ಚಿಕ್ಕ ನಾವೆಯೊಂದನ್ನು ಹಗ್ಗದಿಂದ ಕಟ್ಟಿದ್ದರು. ಎರಡು ದಿನ ಗಾಳಿಯು ಅನುಕೂಲವಾಗಿತ್ತು. ಬಳಿಕ ಭಯಂಕರವಾದ ಬಿರುಗಾಳಿಯೆದ್ದು ಹಡಗು ಬಿರಿದು ನೀರು ಒಳನುಗ್ಗಿತು. ವರ್ತಕರು ಚಿಕ್ಕ ನಾವೆಗೆ ಇಳಿಯಲು ಧಾವಿಸಿದರು. ಅದರಲ್ಲಿದ್ದವರು ಜನಭಾರದಿಂದ ತಾವೂ ಮುಳುಗುವೆವೆಂದು ಹೆದರಿ ಹಗ್ಗವನ್ನು ಕಡಿದುಬಿಟ್ಟರು. ಆಗ ವರ್ತಕರು ಜೀವವುಳಿದರೆ ಸಾಕೆಂದು ಭಾರವಾದ ಸರಕುಗಳನ್ನೆತ್ತಿ ಕಡಲಿಗೆಸೆದರು. ಫಾಹಿಯಾನನೂ ತನ್ನ ನೀರಿನ ಪಾತ್ರೆಗಳನ್ನು ಎಸೆದನು. ತನ್ನ ಗ್ರಂಥಗಳನ್ನೂ ಬಿಂಬಗಳನ್ನೂ ಅವರು ಎಲ್ಲಿ ನೀರಿಗೆಸೆಯುವರೋ ಎಂಬುದೊಂದೇ ಆತನ ಭಯ. ತನ್ನ ಪರಿಶ್ರಮವೆಲ್ಲವೂ ಧರ್ಮಕ್ಕಾಗಿಯೇ ಎಂದು ಆರ್ತನಾಗಿ ಪ್ರಾರ್ಥಿಸಿದನು. ಹದಿಮೂರು ಹಗಲು ಹದಿಮೂರು ಇರುಳು ತೂಗಾಡಿ ಹಡಗು ಒಂದು ದ್ವೀಪವನ್ನು ಸೇರಿತು. ಕಡಲು ಇಳಿದಾಗ ಬಿರುಕನ್ನು ಕಂಡುಹಿಡಿದು ಮುಚ್ಚಿದರು. ಸೂರ್ಯ, ಚಂದ್ರ, ನಕ್ಷತ್ರಗಳೇ ಅಂದಿನ ನಾವಿಕರಿಗೆ ದಾರಿ ತೋರುವವು; ಮೋಡ ಕವಿದಾಗ ಹಡಗು ಗಾಳಿಯಿಚ್ಛೆಗೆ ಸಾಗಬೇಕು. ಹೀಗೆ ಸುಮಾರು ೯೦ ದಿನಗಳ ಮೇಲೆ ಯವದ್ವೀಪವು ದೊರಕಿತು.

ಅಲ್ಲಿ ಐದು ತಿಂಗಳು ತಂಗಿ, ಐವತ್ತು ದಿನಗಳ ಆಹಾರವನ್ನು ಹೊತ್ತ ಇನ್ನೊಂದು ಹಡಗನ್ನೇರಿದನು. ಮಳೆಗಾಲದ ವಾಸವ್ರತದ ಕಾಲವು ಒದಗಲು, ಬೇರೆ ನೆಲೆಯಿಲ್ಲದೆ ಹಡಗಿನಲ್ಲಿಯೇ ಅದನ್ನು ಆಚರಿಸಿದನು. ತಿಂಗಳಿನ ಮೇಲೆ ಮತ್ತೆ ಬಿರುಗಾಳಿಯೆದ್ದಿತು. ಶ್ರಮಣನೊಬ್ಬನನ್ನು ಹತ್ತಿಸಿಕೊಂಡುದರಿಂದಲೇ ಈ ಕೇಡೆಂದು ಬಗೆದು, ಕೆಲವು ಬ್ರಾಹ್ಮಣ ಯಾತ್ರಿಕರು ಆತನನ್ನು ಯಾವುದಾದರೊಂದು ದ್ವೀಪದಲ್ಲಿ ಇಳಿಸಿಬಿಡಬೇಕೆಂದರು. ಆತನ ಆಶ್ರಯದಾತನಾದ ಗೃಹಸ್ಥನೊಬ್ಬನು, ಹಾಗಾದರೆ ತನ್ನನ್ನೂ ಇಳಿಸಿರೆಂದೂ, ಇಲ್ಲವಾದರೆ ಚೀನವನ್ನು ಸೇರಿದೊಡನೆ ಅರಸನಿಗೆ ದೂರುವೆನೆಂದೂ ನಿಷ್ಠುರವಾಗಿ ನುಡಿದು ತಡೆದನು. ೭೦ ದಿನಗಳಾದರೂ ನೆಲ ಕಾಣಲಿಲ್ಲ. ಸಮುದ್ರದ ಉಪ್ಪುನೀರಿನಲ್ಲಿ ಅಡುಗೆ ಮಾಡಿ, ಸಿಹಿನೀರನ್ನು ಅಳೆದು ಹಂಚಿಕೊಂಡು, ದಿಕ್ಕು ಬದಲಿಸಿ ವಾಯವ್ಯಕ್ಕೆ ನಡೆದರು. ೧೨ ದಿನಗಳಲ್ಲಿ ಶಾನ್‌ಡಾಂಗ್ ಪ್ರಾಂತ್ಯದ ಲಾವೊಶಾನ್ ಬೆಟ್ಟದ ತೀರವು ಸಿಕ್ಕಿತು. ಅದು ಸುಮಾರು ೪೧೨ನೆಯ ವರ್ಷ.

ಎಪ್ಪತ್ತು ಮೀರಿದ್ದ ಆತನು ವಿಶ್ರಾಂತಿಯನ್ನು ಬಯಸಲಿಲ್ಲ. ಇಂದಿನ ನಾನ್‌ಜಿಂಗ್ ನಗರದಲ್ಲಿ ಬುದ್ಧಭದ್ರನೆಂಬ ಭಾರತೀಯ ಪಂಡಿತನೊಡಗೂಡಿ ೪೧೬ರಿಂದ ೪೧೮ರ ವರೆಗೆ ಮಹಾಸಾಂಘಿಕ ವಿನಯವನ್ನು ಚೀನೀ ಭಾಷೆಗೆ ಅನುವಾದಿಸಿದನು. ತನ್ನ ಯಾತ್ರೆಯ ವೃತ್ತಾಂತವನ್ನೂ ಬರೆದಿಟ್ಟನು. ಸಿಂಹಳದಿಂದ ತಂದ ಮಹೀಶಾಸಕ ವಿನಯಕ್ಕೆ ಕೈಹಚ್ಚುವ ಮೊದಲೇ ಜಿಂಗ್‌ಝೌನಲ್ಲಿ ದೇಹವಿಟ್ಟನು. ಬಿರುಗಾಳಿಯಲ್ಲಿ ಉಳಿದುಬಂದ ಆ ಗ್ರಂಥವು ೪೨೩-೨೪ರಲ್ಲಿ, ಆತನ ಮರಣಾನಂತರ, ಅನ್ಯರಿಂದ ಅನುವಾದಗೊಂಡಿತು.

ಹಡಗು ಒಡೆಯುವಾಗ ವರ್ತಕರು ಜೀವಕ್ಕಾಗಿ ಪರಿಗ್ರಹವನ್ನು ಬಿಟ್ಟರು. ಆತನು ಜೀವಭಯದಲ್ಲಿಯೂ ನಿಯಮಗ್ರಂಥವನ್ನು ಬಿಡಲಿಲ್ಲ. ಸಂಸಾರದಲ್ಲಿರುವ ನಮಗೂ ಕಷ್ಟಕಾಲವು ಬಂದೇ ಬರುವುದು. ಅಂದು ಮೊದಲು ಕೈಬಿಡುವುದು ಸರಕನ್ನೋ, ಕೈಗೊಂಡ ವ್ರತವನ್ನೋ ಎಂಬುದನ್ನು ಗಾಳಿಯೇಳುವ ಮುನ್ನವೇ ಪ್ರತಿಯೊಬ್ಬ ಶ್ರಾವಕನೂ ಶ್ರಾವಿಕೆಯೂ ನಿಶ್ಚಯಿಸಿಕೊಂಡಿರಬೇಕು.